ಐಸ್ ಬಾಕ್ಸಿನ ಆರು ಗಂಟೆ

ಶಟರ್ ಬಿತ್ತು.

ಧಡಾರ್! ಆಮೇಲೆ ಬೀಗ. ಆಮೇಲೆ ಕತ್ತಲು.

ನನ್ನ ಎಡಗೈಯಲ್ಲಿ ಗಾಜಿನ ಬಾಟಲಿ, ಬಲಗೈಯಲ್ಲಿ ಅದರ ಮುಚ್ಚಳ. ಬಾಟಲಿಯ ಬಾಯಿಗೆ ಬೆರಳು ತಾಗಬಾರದು. ತಾಗಿದರೆ ಎಲ್ಲ ವ್ಯರ್ಥ. ಉಸಿರು ಬಿಗಿಹಿಡಿದು ಮುಚ್ಚಳ ತಿರುಗಿಸಿದೆ. ಐಸ್ ಬಾಕ್ಸ್ ತಡಕಿದೆ... ಸಿಕ್ಕಿತು. ಬಾಟಲಿಯನ್ನು ಐಸಿನ ನಡುವೆ ಹೂತೆ.

ಆಮೇಲಷ್ಟೇ ಹೆದರಿದೆ. ನಮ್ಮ ಕೆಲಸದಲ್ಲಿ ಕ್ರಮ ಮುಖ್ಯ.

"ರಾಜೇಂದ್ರ ಸಾ..." ಹೊರಗಿನಿಂದ ದನಿ. ಸಕ್ಕರೆ ಹೆಚ್ಚಾದ ಕಾಫಿಯಂಥ ದನಿ. "ಒಳಗೆ ಸೆಕೆ ಅದಾ?"

"ಶಿವಸ್ವಾಮಿ! ಬಾಗಿಲು ತೆಗಿ!"

"ಬೀಗದ್ ಕೈ ಎಲ್ಲೋ ಬಿದ್ದೋಗದೆ ಸಾ. ಉಡುಕ್ತಾ ಇವ್ನಿ."

"ಎಷ್ಟೊತ್ತು?"

"ಒಂದಾರು ಗಂಟೆ ಆಗ್ಬೋದು."

ನಕ್ಕ. ನನಗೆ ಅರ್ಥವಾಯಿತು.

ನಿಮಗೂ ಅರ್ಥವಾಗಬೇಕಲ್ಲ. ಕೇಳಿ.

ನಾನು ನೀರು ಹಿಡಿಯುವವನು. ಆಫೀಸಿನ ಭಾಷೆಯಲ್ಲಿ ಫೀಲ್ಡ್ ಸ್ಯಾಂಪ್ಲರ್, ಕಾಂಟ್ರ್ಯಾಕ್ಟ್ ಮೇಲೆ. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ನಲ್ಲಿ, ಟ್ಯಾಂಕು, ಬೋರ್‌ವೆಲ್ಲು ನನಗೆ ಮುಖಪರಿಚಯ. ಮನುಷ್ಯರು ಅಷ್ಟಾಗಿ ಇಲ್ಲ. ನಲ್ಲಿಯ ಮೂತಿಯನ್ನು ಸ್ಪಿರಿಟ್ಟಿನ ಬೆಂಕಿಯಲ್ಲಿ ಸುಟ್ಟು, ಎರಡು ನಿಮಿಷ ನೀರು ಹರಿಯಬಿಟ್ಟು, ಕಾಯಿಸಿ ಶುದ್ಧ ಮಾಡಿದ ಬಾಟಲಿಯಲ್ಲಿ ಹಿಡಿಯುತ್ತೇನೆ. ಐಸಿನಲ್ಲಿಟ್ಟು ಮೈಸೂರಿನ ಲ್ಯಾಬಿಗೆ ಒಯ್ಯುತ್ತೇನೆ.

ಆರು ಗಂಟೆಯೊಳಗೆ!

ನಮ್ಮ ಲ್ಯಾಬಿನ ನಿಯಮ ಅದು. ಆರು ದಾಟಿದರೆ ಬಾಟಲಿಯೊಳಗಿನ ಕ್ರಿಮಿಗಳು ಸಾಯುತ್ತವೆ, ಇಲ್ಲವೇ ಮರಿ ಹಾಕುತ್ತವೆ. ಎರಡೂ ಸುಳ್ಳುಸಾಕ್ಷಿ. ನೀರು ಹಿಡಿದ ಕೂಡಲೇ ಫೋನಿನಲ್ಲಿ ಫೋಟೋ ತೆಗೆಯಬೇಕು. ಜಾಗ, ಹೊತ್ತು ಎರಡೂ ಅದರ ಜೊತೆಗೇ ಲ್ಯಾಬಿಗೆ ಹೋಗಿಬಿಡುತ್ತವೆ. ಆಮೇಲೆ ತಿದ್ದಲು ಬರುವುದಿಲ್ಲ.

ಇವತ್ತಿನ ಫೋಟೋ ಹೋದದ್ದು 9.04ಕ್ಕೆ.

ಈ ಗುಟ್ಟು ಇಲ್ಲಿನ ಆಪರೇಟರ್ ಶಿವಸ್ವಾಮಿಗೆ ಹೇಗೆ ಗೊತ್ತು? ನಾನೇ ಹೇಳಿಕೊಟ್ಟದ್ದು! ಹೋದ ವರ್ಷ ನೀರಿನ ಘಟಕಗಳ ಆಪರೇಟರುಗಳಿಗೆಲ್ಲ ಹುಲ್ಲಹಳ್ಳಿಯಲ್ಲಿ ಒಂದು ದಿನದ ಟ್ರೈನಿಂಗ್ ಕೊಟ್ಟಿದ್ದೆ. ನಲವತ್ತು ಜನ ಬಂದಿದ್ದರು. ಮೂವತ್ತೊಂಬತ್ತು ಜನ ಊಟಕ್ಕೆ ಕಾದರು. ಇವನೊಬ್ಬ ಮೊದಲ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡ.

ನನ್ನ ಅತ್ಯುತ್ತಮ ವಿದ್ಯಾರ್ಥಿ.

ಊರಿನ ಹೆಸರು ಬಸರಿಹುಂಡಿ ಎಂದಿಟ್ಟುಕೊಳ್ಳಿ. ನಂಜನಗೂಡು ತಾಲ್ಲೂಕಿನ ಕೊನೆ, ಟಿ. ನರಸೀಪುರವೇ ಹತ್ತಿರ. ಹದಿನೈದು ದಿನದಲ್ಲಿ ಹನ್ನೊಂದು ಜನಕ್ಕೆ ವಾಂತಿ ಭೇದಿ. ಎಲ್ಲರೂ ಕುಡಿಯುವುದು ನಾನು ಸಿಕ್ಕಿಕೊಂಡ ಈ ತಗಡಿನ ಗೂಡಿನ ಫಿಲ್ಟರ್ ನೀರು. ನಾಣ್ಯ ಹಾಕಿದರೆ ನೀರು ಬರುತ್ತದೆ, ನೀಲಿ ದೀಪ ಹತ್ತುತ್ತದೆ. ದೀಪ ಹತ್ತಿದರೆ ಶುದ್ಧ. ಊರಿನ ನಂಬಿಕೆ ಅಷ್ಟು.

ಫೋನಿನ ಟಾರ್ಚ್ ಹಾಕಿದೆ. ಬೋರ್‌ವೆಲ್ಲಿನಿಂದ ಬಂದ ಪೈಪು ನೇರವಾಗಿ ನಲ್ಲಿಗೇ ಸೇರಿತ್ತು. ಫಿಲ್ಟರಿನ ಮೂರು ಬಿಳಿ ಕೊಳವೆಗಳು ಪಕ್ಕದಲ್ಲಿ ಸುಮ್ಮನೆ ನಿಂತಿದ್ದವು... ಮದುವೆಗೆ ಬಂದು ಊಟಕ್ಕೆ ಕರೆಯದ ನೆಂಟರಂತೆ. ಫಿಲ್ಟರಿನ ಖರ್ಚು ಉಳಿತಾಯ, ನಾಣ್ಯ ಮಾತ್ರ ಬೀಳುತ್ತಲೇ ಇತ್ತು. ಬೋರ್‌ವೆಲ್ಲಿನ ಬುಡದಲ್ಲಿ ಒಡೆದ ಚರಂಡಿಯನ್ನು ಬರುವಾಗಲೇ ನೋಡಿದ್ದೆ.

ಫೋಟೋ ಹೊಡೆದೆ. ಆದರೆ ಫೋಟೋ ನೋಡಿ ಯಾರೂ ಘಟಕಕ್ಕೆ ಬೀಗ ಹಾಕುವುದಿಲ್ಲ. ಹಳೆಯದು ಎನ್ನುತ್ತಾರೆ. ಲ್ಯಾಬಿನ ಚೀಟಿ ಬೇಕು. ಇವತ್ತಿನ ನೀರಿನದೇ ಬೇಕು. ನಾಳೆ ಹೊತ್ತಿಗೆ ಪೈಪು ಸರಿಹೋಗಿರುತ್ತದೆ, ಬ್ಲೀಚಿಂಗ್ ಪೌಡರ್ ಬಿದ್ದಿರುತ್ತದೆ. ನಾನು ಹೋದ ಮೇಲೆ ಪೈಪು ಮತ್ತೆ ತಿರುಗುತ್ತದೆ.

ಒಂದು ಗೆರೆ ಸಿಗ್ನಲ್ ಇತ್ತು. ರಂಜಿನಿಗೆ ಫೋನ್ ಮಾಡಿದೆ. ಲ್ಯಾಬಿನ ಕಿಟಕಿಯಲ್ಲಿ ಕೂತು ಸ್ಯಾಂಪಲ್ ತೆಗೆದುಕೊಳ್ಳುವವಳು ಅವಳು.

"ಒಂದು ಸ್ಯಾಂಪಲ್ ಇದೆ."

"ತೆಗೆದ ಹೊತ್ತು?"

"ಒಂಬತ್ತು ನಾಲ್ಕು."

"ಮೂರು ನಾಲ್ಕರೊಳಗೆ ತನ್ನಿ."

"ರಂಜಿನಿ, ನನ್ನನ್ನು ಒಳಗೆ ಹಾಕಿ ಬೀಗ ಜಡಿದಿದ್ದಾರೆ!"

ಆ ಕಡೆ ರಿಜಿಸ್ಟರಿನ ಹಾಳೆ ತಿರುಗಿದ ಸದ್ದು.

"ಐಸ್ ಇದೆಯಾ?"

"...ಇದೆ."

"ಸಾಹೇಬರಿಗೆ ಹೇಳ್ತೀನಿ. ಬಾಕ್ಸ್ ಮುಚ್ಚಳ ಪದೇಪದೇ ತೆಗೀಬೇಡಿ."

ನಾಲ್ಕು ವರ್ಷದಿಂದ ನಾನು ದಿನವೂ ಮಾತಾಡುವ ಹೆಂಗಸು ಇವಳೊಬ್ಬಳೇ. ಮಾತೆಲ್ಲ ಅಂಕಿಗಳಲ್ಲೇ. ನಂಜನಗೂಡಿನ ನನ್ನ ಕೋಣೆಯಲ್ಲಿ ಒಂದು ಚಾಪೆ, ಒಂದು ಸ್ಟೌ, ನೀರು ಕುದಿಸುವ ಒಂದು ಪಾತ್ರೆ. ರಾತ್ರಿ ಊಟ ಮಾಡುವಾಗ ಕೆಲವು ಸಲ ಅವಳು ಹೇಳಿದ ಅಂಕಿಗಳನ್ನು ಮತ್ತೆ ನೆನಪಿಸಿಕೊಳ್ಳುತ್ತೇನೆ. ನಗಬೇಡಿ. ಮಾತಾಡುವವರಿಲ್ಲದವನಿಗೆ ಅಂಕಿಯೂ ಮಾತೇ.

ಸಾಹೇಬರು ಬರಲಿಲ್ಲ. ಯಾರೂ ಬರಲಿಲ್ಲ.

ಹತ್ತಾಯಿತು. ಹನ್ನೊಂದಾಯಿತು. ತಗಡು ಕಾದ ಹೆಂಚಾಯಿತು. ಅಂಗಿ ಬಿಚ್ಚಿ ನೆನೆಸಿ ಐಸ್ ಬಾಕ್ಸಿಗೆ ಹೊದಿಸಿದೆ. ಶಟರಿಗೆ ಒದ್ದೆ. ಪಾನಾದಿಂದ ಬಡಿದೆ. ಕೂಗಿದೆ.

"ಗಂಟ್ಲು ಒಣಗ್ತದೆ ಸಾ," ಎಂದ ಶಿವಸ್ವಾಮಿ. "ಪಕ್ಕದಲ್ಲೇ ಪಿಲ್ಟರ್ ನೀರದೆ, ಕುಡೀರಿ!"

ಅವರು ನನ್ನನ್ನು ಹೊಡೆಯಬೇಕಿರಲಿಲ್ಲ. ತಡ ಮಾಡಿದರೆ ಸಾಕಿತ್ತು.

ಹನ್ನೆರಡಕ್ಕೆ ಹೊರಗೆ ಇನ್ನೊಂದು ದನಿ ಕೇಳಿತು. ಮುದಿ ದನಿ. ಕಬ್ಬಿಣದ ದನಿ.

"ಏನ್ಲಾ ಶಿವಸ್ವಾಮಿ, ಬಾಗ್ಲು ಮುಚ್ಕೊಂಡು ಕೂತಿದ್ದೀಯಲ್ಲ. ಯಾವನ್ ಸತ್ತ?"

"ರಿಪೇರಿ ಅದೆ ಕಣ್ ಪುಟ್ಟಗೌರಜ್ಜಿ. ಸಾಯಂಕಾಲ ಬಾ."

"ಸಾಯಂಕಾಲ್ದಗಂಟ ನಿಮ್ಮಪ್ಪ ಬಸ್ ನಿಲ್ಸಿರ್ತಾನಾ? ಹನ್ನೆರಡೂವರೆ ಬಸ್ಸು ಒಂಟೋಯ್ತದೆ. ಸೊಸೆ ನರಸೀಪುರದ ಆಸ್ಪತ್ರೆಲಿ ಬಿದ್ದವ್ಳೆ. ಒಳ್ಳೆ ನೀರ್ ಕುಡುಸ್ಬೇಕು ಅಂದವ್ರೆ ಡಾಕ್ಟ್ರು. ತೆಗೀಲಾ!"

"ಅಜ್ಜೀ! ನಾನು ಒಳಗಿದ್ದೀನಿ!" ಎಂದು ಕೂಗಿದೆ.

"ಅಯ್ಯೋ ಶಿವ್ನೆ! ರಿಪೇರಿಯೋನ್ನೂ ಒಳಿಕ್ ಆಕಿ ಬೀಗ ಆಕಿದ್ದೀಯೇನ್ಲಾ?"

ಅಷ್ಟರಲ್ಲಿ ಇನ್ನೂ ನಾಲ್ಕೈದು ಕೊಡಗಳ ಸದ್ದು. ಹೆಂಗಸರ ಬೈಗುಳ. ನೀರಿಗೆ ಬಂದ ಹೆಂಗಸರನ್ನು ತಡೆಯುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಬೀಗದ ಕೈ ತಕ್ಷಣ ಸಿಕ್ಕಿತು.

ಶಟರ್ ಎದ್ದಿತು. ಬಿಸಿಲು ಕಣ್ಣಿಗೆ ಹೊಡೆಯಿತು. ಎದುರಿಗೆ ಪುಟ್ಟಗೌರಮ್ಮ... ಗಿಡ್ಡ ಮೈ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಹಾಲಿನ ಸ್ಟೀಲ್ ಕ್ಯಾನು.

"ಅಜ್ಜಿ, ಈ ನೀರು ಒಯ್ಯಬೇಡಿ. ನಿಮ್ಮ ಸೊಸೆ ಮಲಗಿರೋದು ಇದರಿಂದಲೇ."

"ಪಿಲ್ಟರ್ ನೀರು ಕಣಪ್ಪ ಇದು."

"ಫಿಲ್ಟರ್ ಆಗಿಲ್ಲ. ಪೈಪ್ ನೋಡಿ!"

"ಪೈಪ್ ನೋಡಿ ನಂಗೇನ್ ಗೊತ್ತಾದದು? ಚೀಟಿ ಅದಾ?"

"ನಾಡಿದ್ದು ಬರುತ್ತೆ."

"ಬಂದ್ಮೇಲೆ ಯೋಳು." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರ್ಲಾ ನಿಂದು?"

"ಹೆಮ್ಮರಗಾಲ."

"ಯಾರ್ ಮಗ?"

"ಚನ್ನಯ್ಯನ ಮಗ. ಕೆಳಗಲ ಬೀದಿ."

ಅಜ್ಜಿ ಅರ್ಧ ಹೆಜ್ಜೆ ಹಿಂದೆ ಸರಿದಳು. ಕ್ಯಾನನ್ನು ಈ ಕೈಯಿಂದ ಆ ಕೈಗೆ ದಾಟಿಸಿದಳು. ನನ್ನಿಂದ ದೂರದ ಕೈಗೆ. ಸಿಟ್ಟಿಲ್ಲ, ದ್ವೇಷವಿಲ್ಲ. ಬರೀ ಅಭ್ಯಾಸ. ನಾಣ್ಯ ಹಾಕಿದಳು. ನೀಲಿ ದೀಪ ಹತ್ತಿತು. ಕ್ಯಾನು ತುಂಬಿತು.

ಉಳಿದದ್ದು ಮೂರು ಗಂಟೆ.

ನನ್ನ ಬೈಕಿನ ಎರಡೂ ಚಕ್ರ ನೆಲಕ್ಕೆ ಅಂಟಿದ್ದವು. ವಾಲ್ವುಗಳೇ ಇಲ್ಲ.

"ಯಾವೋ ಸ್ಕೂಲ್ ಐಕ ಮಾಡ್ಬುಟ್ಟವೆ ಸಾ," ಎಂದ ಶಿವಸ್ವಾಮಿ. "ಡ್ರಾಪ್ ಕೊಡ್ಲಾ? ಒಸಿ ಸುತ್ತಾಕಂಡು ಓಗಾವ."

ಬಸ್ಸಿಗೆ ಕಾಯುವ ಹಾಗಿರಲಿಲ್ಲ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಅವನ ಕಡೆಯ ಇಬ್ಬರು ಆಗಲೇ ಕೂತಿದ್ದರು. ಬಾಕ್ಸನ್ನು ತೋಳಿಗೆ ಹಾಕಿ ನಾಲೆ ಏರಿಯ ಮೇಲೆ ನಡೆದೆ. ಹದಿನಾರು ಎಂಬ ಊರಿನ ರಸ್ತೆಗೆ ಐದು ಕಿಲೋಮೀಟರು. ಶಿವಸ್ವಾಮಿಯ ಬೈಕು ಪಕ್ಕದಲ್ಲೇ, ಫಸ್ಟ್ ಗೇರಿನಲ್ಲಿ, ದಿಬ್ಬಣದ ಹಾಗೆ.

"ಮಾರ್ಚಿಗೆ ನಿಮ್ಮ ಕಾಂಟ್ರ್ಯಾಕ್ಟು ಮುಗೀತದಂತಲ್ಲ ಸಾ?"

ಬಾಕ್ಸನ್ನು ಇನ್ನೊಂದು ತೋಳಿಗೆ ಬದಲಾಯಿಸಿದೆ.

"ಒಬ್ರೇ ಇದ್ದೀರಂತೆ. ರೂಮಲ್ಲಿ ಬಿದ್ ಸತ್ರೂ ವಾಸನೆ ಬಂದ್ಮೇಲೇ ಗೊತ್ತಾಗದು."

ಅದು ಬೆದರಿಕೆಯಾಗಿತ್ತು. ನನಗೆ ಮಾತ್ರ ಹವಾಮಾನ ವರದಿಯ ಹಾಗೆ ಕೇಳಿಸಿತು. ಗೊತ್ತಿಲ್ಲದ್ದೇನೂ ಇರಲಿಲ್ಲ ಅದರಲ್ಲಿ.

ನಾಲೆಯ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಎರಡು ಟ್ರೇಲರು. ಡ್ರೈವರು ಚಕ್ರಕ್ಕೆ ಒರಗಿ ಬೀಡಿ ಸೇದುತ್ತಿದ್ದ.

"ಕೆಟ್ಟೋಗದೆ," ಎಂದ. ಎಂಜಿನ್ನು ಗುಡುಗುಡು ಓಡುತ್ತಲೇ ಇತ್ತು!

ಹಿಂದಿನಿಂದ ಇನ್ನೊಂದು ಬೈಕು. ಸ್ಟಾಪಿನಲ್ಲಿ ಕೂತಿದ್ದ ಇಬ್ಬರು ಇಳಿದರು. ಒಬ್ಬ ಬಾಕ್ಸಿನ ಪಟ್ಟಿಗೆ ಕೈ ಹಾಕಿದ.

"ಒಸಿ ನೋಡವ ಸಾ, ಒಳಗೇನದೆ ಅಂತ."

ಮೊಣಕೈ ಬೀಸಿದೆ. ಅವನ ಮೂಗಿಗೆ ತಾಗಿತು. ಬಾಕ್ಸು ತಲೆಯ ಮೇಲೆ. ನಾಲೆಗೆ ಇಳಿದೆ!

ನೀರು ಸೊಂಟಕ್ಕೆ... ಎದೆಗೆ... ಕುತ್ತಿಗೆಗೆ. ಬಾಯಿ ಬಿಗಿಯಾಗಿ ಮುಚ್ಚಿದ್ದೆ. ಸಾಯುವ ಹೊತ್ತಿನಲ್ಲೂ ಆ ನೀರು ಕುಡಿಯಲಾರೆ. ಅದರಲ್ಲಿ ಏನಿದೆ ಅಂತ ಬಲ್ಲವನು ನಾನು. ಕಾಲಡಿ ಕೆಸರು ಜಾರಿತು. ಬಾಕ್ಸು ವಾಲಿತು. ಹಿಡಿದೆ. ಆಚೆ ದಡ ಹತ್ತಿ ಕಬ್ಬಿನೊಳಗೆ ನುಗ್ಗಿದೆ.

ಕಬ್ಬಿನ ಗರಿಗಳು ಕೆನ್ನೆ ಕೊಯ್ದವು. ಹಿಂದೆ ಕೂಗಾಟ.

"ಎಡಕ್ಕೋದ ಕಣ್ಲಾ!"

"ಲೇ, ಬಲಕ್ಕೆ ಕಣ್ಲಾ!"

ಸಾಲಿನ ನಡುವೆ ಕೂತೆ. ಉಸಿರು ನಿಲ್ಲಿಸಿದೆ. ಅವರ ಕಾಲುಗಳು ಎರಡು ಸಾಲಿನಾಚೆ ಹಾದುಹೋದವು. ಬಾಕ್ಸಿನೊಳಗೆ ಐಸು ಕರಗಿ ಟಿಕ್ ಎಂದಿತು. ಅಷ್ಟೂ ಹೊತ್ತು ಅದನ್ನು ಕೂಸಿನ ಹಾಗೆ ತಬ್ಬಿಕೊಂಡಿದ್ದೆ. ಯೋಚಿಸಿ ನೋಡಿದರೆ, ವರ್ಷಗಳಿಂದ ನಾನು ತಬ್ಬಿಕೊಂಡಿದ್ದು ಆ ಬಾಕ್ಸನ್ನೊಂದೇ.

ರಸ್ತೆ ಸಿಕ್ಕಿತು. ತೆಂಗಿನಕಾಯಿ ತುಂಬಿದ ಲಗೇಜ್ ಆಟೋಗೆ ಅಡ್ಡ ನಿಂತೆ. ಡ್ರೈವರಿನ ಹೆಸರು ನಂಜುಂಡ. ನನ್ನ ಕೆಸರು, ರಕ್ತ, ಬರೀ ಬನಿಯನ್ನು ನೋಡಿದ.

"ಯಾರ್ನ ಕೊಂದ್ಬುಟ್ರಿ ಸಾ?"

"ಯಾರನ್ನೂ ಇಲ್ಲ. ನೀರು ತಗೊಂಡು ಹೋಗ್ತಿದ್ದೀನಿ."

"ನೀರ್ಗೆ ಇಷ್ಟೆಲ್ಲ ಆದದಾ?" ಬಾಗಿಲು ತೆಗೆದ. "ನರಸೀಪುರದಗಂಟ ಬುಡ್ತೀನಿ. ಕಾಯಿ ಮೇಲ್ ಕೂತ್ಕಳಿ."

ಟಿ. ನರಸೀಪುರದ ಬಸ್ ಸ್ಟ್ಯಾಂಡು, 1.43. ಮೈಸೂರಿನ ಬಸ್ಸು ಹೊರಡುತ್ತಿತ್ತು. ಹತ್ತಿದೆ. ಸೀಟೂ ಸಿಕ್ಕಿತು. ಎರಡು ಮುಕ್ಕಾಲಿಗೆ ಲ್ಯಾಬು. ಹತ್ತೊಂಬತ್ತು ನಿಮಿಷ ಉಳಿಯುತ್ತದೆ. ಗೆದ್ದೆ!

ಬಸ್ಸು ತಿರುಗಿತು. ಕಿಟಕಿಯಾಚೆ ಆಸ್ಪತ್ರೆಯ ಗೇಟು. ಹಾಲಿನ ಕ್ಯಾನು ಹೊತ್ತ ಗಿಡ್ಡ ಮೈಯೊಂದು ಗೇಟಿನೊಳಗೆ ಹೋಗುತ್ತಿತ್ತು.

ಕಣ್ಣು ಬೇರೆ ಕಡೆ ತಿರುಗಿಸಿದೆ. ಬಾಕ್ಸಿನೊಳಗೆ ಇಡೀ ಊರಿದೆ ಎಂದು ಹೇಳಿಕೊಂಡೆ. ಅಲ್ಲಿರುವುದು ಒಬ್ಬಳು. ಲೆಕ್ಕ ಸರಿಯಾಗಿಯೇ ಇತ್ತು.

"ಹೋಲ್ಡಾನ್!" ಎಂದು ಕೂಗಿದೆ.

ಹೆಂಗಸರ ವಾರ್ಡು. ಕೊನೆಯ ಮಂಚ. ಅಜ್ಜಿಯ ಸೊಸೆ ರುದ್ರಮ್ಮನ ತುಟಿಗಳು ಬಿರಿದಿದ್ದವು, ಕೈಗೆ ಡ್ರಿಪ್ಪು. ಅಜ್ಜಿ ನೆಲದ ಮೇಲೆ ಕೂತು ಕ್ಯಾನಿನ ಮುಚ್ಚಳ ತೆಗೆದಿದ್ದಳು. ಲೋಟ ಇನ್ನೂ ಖಾಲಿ.

"ಅಜ್ಜಿ, ಕೊಡಬೇಡಿ!"

"ಇಲ್ಲಿಗೂ ಬಂದ್ಯಾ? ಏನ್ ಪಾಪಿ ಗಂಟು ಬಿದ್ನಪ್ಪ!"

"ಈ ನೀರಿನಲ್ಲಿ ಚರಂಡಿ ಸೇರಿದೆ. ಕಣ್ಣಿಗೆ ಕಾಣೋಲ್ಲ..."

"ಚೀಟಿ ತಂದ್ಯಾ?"

"ಇಲ್ಲ."

"ಅಂಗಾದ್ರೆ ಜಾಗ ಬುಡು."

ಲೋಟ ಕ್ಯಾನಿನ ಕಡೆ ಹೋಯಿತು. ಕೋಲಿಫಾರ್ಮ್ ಕ್ರಿಮಿ, ಕ್ಲೋರಿನ್, ಫಿಲ್ಟರು... ಟ್ರೈನಿಂಗಿನಲ್ಲಿ ನಾನು ಹೇಳುವ ಇಪ್ಪತ್ತು ನಿಮಿಷದ ಪಾಠ ನಾಲಿಗೆಯ ತುದಿಗೆ ಬಂತು. ಅಷ್ಟು ಹೊತ್ತಿರಲಿಲ್ಲ.

ಬಗ್ಗಿದೆ. ನನ್ನ ಬಲಗೈಯನ್ನು ಕ್ಯಾನಿನೊಳಗೆ ಅದ್ದಿದೆ. ಮಣಿಕಟ್ಟಿನವರೆಗೆ.

ಪಕ್ಕದ ಮಂಚದವಳು ಎದ್ದು ಕೂತಳು.

ಅಜ್ಜಿ ನನ್ನ ಕೈ ನೋಡಿದಳು. ನೀರು ನೋಡಿದಳು. ಲೋಟವನ್ನು ಎದೆಗೆ ಒತ್ತಿಕೊಂಡಳು. "ಅಯ್ಯಯ್ಯೋ... ಅಷ್ಟು ನೀರೂವೆ!" ಕ್ಯಾನನ್ನು ಎತ್ತಿಕೊಂಡು ಬಚ್ಚಲಿನ ಕಡೆ ನಡೆದಳು. ದಬದಬ ಸುರಿಯುವ ಸದ್ದು. ಆಮೇಲೆ ಉಜ್ಜುವ ಸದ್ದು.

ವಿಜ್ಞಾನದಿಂದ ಆಗದ ಕೆಲಸವನ್ನು ನನ್ನ ಹುಟ್ಟು ಎರಡು ಸೆಕೆಂಡಿನಲ್ಲಿ ಮಾಡಿತ್ತು! ನಗಬೇಕೋ ಬೇಡವೋ, ನೀವೇ ಹೇಳಿ.

"ಅಣ್ಣ..." ರುದ್ರಮ್ಮನ ದನಿ ಕಾಗದದ ಹಾಗಿತ್ತು. "ಬೇಕೂ ಅಂತ್ಲೇ ಅದ್ದಿದ್ದು... ಅಲ್ವಾ?"

"ಹೌದು."

"ಏನದೆ ಆ ನೀರಲ್ಲಿ?"

"ನಿಮ್ಮನ್ನ ಇಲ್ಲಿಗೆ ತಂದಿದ್ದೇ ಅದು."

ಅವಳ ಕಣ್ಣು ನನ್ನ ಸೊಂಟಕ್ಕೆ ಸಿಕ್ಕಿಸಿದ್ದ ಕುಡಿಯುವ ನೀರಿನ ಬಾಟಲಿಗೆ ಹೋಯಿತು. "ಅದ್ರಲ್ಲಿ?"

"ನನ್ನದು. ಬೆಳಿಗ್ಗೆ ಕುದಿಸಿದ್ದು."

"ಅತ್ತೆ ಬರೋದ್ರೊಳಗೆ ಕೊಡಿ."

ಬಾಟಲಿಯನ್ನು ನಾನೇ ಹಿಡಿದೆ. ಅವಳ ಕೈಗೆ ಸೂಜಿಯಿತ್ತಲ್ಲ. ಕಚ್ಚಿಕೊಂಡು ಕುಡಿದಳು. ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ. ಅವಸರ ಮಾಡಿ ಎನ್ನಲು ಬಾಯಿ ಬರಲಿಲ್ಲ. ನನ್ನ ನೀರನ್ನು ಇನ್ನೊಬ್ಬರು ಕುಡಿಯುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಗೋಡೆಯ ಗಡಿಯಾರ ನೋಡುತ್ತಲೇ ನಿಂತಿದ್ದೆ.

"ನನ್ ಮಗ್ಳು ಮನೇಲವ್ಳೆ ಅಣ್ಣ," ಎಂದಳು. "ನಾಕು ವರ್ಷ. ಅದ್ನೇ ಕುಡಿತಾಳೆ."

"ಫೋನ್ ಮಾಡಿ ಕುದಿಸಿ ಕೊಡೋಕೆ ಹೇಳಿ. ಚೀಟಿ ಬಂದ ಕೂಡಲೇ ಆ ಫಿಲ್ಟರಿಗೆ ಬೀಗ ಬೀಳುತ್ತೆ."

ಮಾತು ಕೊಟ್ಟೆ. ಓಡಿದೆ.

ಮುಂದಿನ ಬಸ್ಸು 2.05ಕ್ಕೆ. ದಾರಿಯುದ್ದಕ್ಕೂ ಡ್ರೈವರು ಪ್ರತಿಯೊಂದು ಸ್ಟಾಪಿಗೂ ಮರ್ಯಾದೆ ಕೊಟ್ಟ. ಮೈಸೂರಿನಲ್ಲಿ ಇಳಿದು ಆಟೋ ಹಿಡಿದೆ. ಲ್ಯಾಬಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಬಾಕ್ಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

ರಂಜಿನಿ ನನ್ನ ಮುಖ ನೋಡಲಿಲ್ಲ. ಮುಚ್ಚಳ ತೆಗೆದಳು. ಥರ್ಮಾಮೀಟರ್ ಇಟ್ಟಳು.

"ಆರು ಡಿಗ್ರಿ. ಚೆನ್ನಾಗಿ ಇಟ್ಟಿದ್ದೀರಿ."

ರಿಜಿಸ್ಟರ್ ತೆರೆದಳು. ಗಡಿಯಾರ ನೋಡಿದಳು. ಪೆನ್ನು ನಿಂತಿತು.

"ತೆಗೆದಿದ್ದು ಒಂಬತ್ತು ನಾಲ್ಕು."

"ಹೌದು."

"ಈಗ ಮೂರು ಎಂಟು."

"ನಿಮ್ಮ ಗಡಿಯಾರ ಮುಂದಿದೆ."

"ಇಲ್ಲ." ಈಗ ತಲೆ ಎತ್ತಿದಳು. ಕೆಸರು ನೋಡಿದಳು, ಕೆನ್ನೆಯ ಗೀರು ನೋಡಿದಳು. "ಎಲ್ಲಿ ತಡ ಆಯ್ತು?"

"ಟ್ರಾಫಿಕ್ಕು."

ಅವಳು ನಂಬಲಿಲ್ಲ. ಕೆದಕಲೂ ಇಲ್ಲ.

ನನ್ನ ಪೆನ್ನನ್ನು ಕಿಟಕಿಯೊಳಗೆ ಚಾಚಿದೆ. "ಮೂರು ಎರಡು ಅಂತ ಬರೀರಿ. ಹನ್ನೊಂದು ಜನ ಮಲಗಿದ್ದಾರೆ ರಂಜಿನಿ. ನಾಲ್ಕು ವರ್ಷದ ಒಂದು ಮಗು ಅದೇ ನೀರು ಕುಡೀತಿದೆ. ನಾಳೆಗೆ ಅವರು ಎಲ್ಲ ಸರಿ ಮಾಡಿಟ್ಟಿರ್ತಾರೆ. ಈ ಸಾಕ್ಷಿ ಮತ್ಯಾವತ್ತೂ ಸಿಗಲ್ಲ."

"ಗೊತ್ತು."

"ಮತ್ತೆ?"

"ಘಟಕದವರ ವಕೀಲರು ಮೊದಲು ಕೇಳೋದು ಈ ರಿಜಿಸ್ಟರು. ನಿಮ್ಮ ಬಸ್ ಟಿಕೆಟ್‌ನಲ್ಲಿ ಹೊತ್ತಿದೆ. ಗೇಟಲ್ಲಿ ಕ್ಯಾಮೆರಾ ಇದೆ. ಇದೊಂದು ಅಂಕಿ ಸುಳ್ಳಾದ್ರೆ ನಾನು ಇಲ್ಲಿ ಬರೆದಿರೋ ಎಲ್ಲ ಊರಿನ ಎಲ್ಲ ಅಂಕಿಯೂ ಸುಳ್ಳು."

ಇಡೀ ಜಿಲ್ಲೆಯಲ್ಲಿ ಯಾರಿಂದಲೂ ಬಗ್ಗಿಸಲಾಗದವಳು ಇವಳೊಬ್ಬಳೇ ಎಂದು ನಾನು ಹೆಮ್ಮೆಪಟ್ಟಿದ್ದೆ. ಈಗ ಬಗ್ಗಿಸಲು ಬಂದು ನಿಂತವನು ನಾನೇ. ಆದರೂ ಚಾಚಿದ ಪೆನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಾಲ್ಕೇ ನಿಮಿಷ..."

ಅವಳು ಪೆನ್ನು ತೆಗೆದುಕೊಂಡಳು. ಕ್ಯಾಪ್ ಹಾಕಿದಳು. ನನ್ನ ಅಂಗೈಯಲ್ಲಿ ವಾಪಸ್ ಇಟ್ಟಳು.

"ಬೇರೆ ಯಾರಾದ್ರೂ ಕೇಳಿದ್ರೆ ಬೈದು ಕಳಿಸ್ತಿದ್ದೆ," ಎಂದಳು. "ನಿಮಗೆ ಬರೀ 'ಆಗಲ್ಲ' ಅಂತೀನಿ."